ಮಕ್ಕಳ ಪುಸ್ತಕದಲ್ಲಿ ‘ಅಂತೆ’

(ಆಕಾಶವಾಣಿಯಲ್ಲಿ ಮಾಡಿದ ಭಾಷಣ)

ನನ್ನ ಬಾಲ್ಯ ಕಳೆದದ್ದು ಮಧುಗಿರಿಯಲ್ಲಿ. ನಮ್ಮ ಮನೆಯ ಜಗಲಿಯ ಮೇಲೆ ಕುಳಿತರೆ ಎದುರಿಗೇ ಬೆಟ್ಟ. ಬೇಸಗೆಯ ರಾತ್ರಿಗಳಲ್ಲಿ ಆ ಜಗಲಿಯ ಮೇಲೆ ನಮ್ಮ ಅಜ್ಜಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತ ಕತೆ ಹೇಳುತ್ತಿದ್ದರು. “ಒಂದೂರಿನಲ್ಲಿ ಒಬ್ಬ ರಾಜ ಇದ್ದನಂತೆ. ಅವನಿಗೆ ಮೂರು ಜನ ಹೆಂಡಿರಂತೆ. ಒಬ್ಬಳಿಗೂ ಮಕ್ಕಳಿರಲಿಲ್ಲವಂತೆ.” ಹೀಗೆ ಪ್ರತಿಯೊಂದು ವಾಕ್ಯದ ಕೊನೆಗೂ ಒಂದು ‘ಅಂತೆ’. ಒಮ್ಮೆ ನಾನು ಕೇಳಿದೆ: “ಅಜ್ಜಿ, ಆ ರಾಜನನ್ನು ನೀನು ನೋಡಿದ್ದೆಯಾ?” ಅಜ್ಜಿ ನಕ್ಕು ಹೇಳಿದರು: “ನಾನೆಲ್ಲಿ ನೋಡಲಿ ಮಗ? ನಮ್ಮಜ್ಜಿ ಹೇಳಿದ್ದು. ಅದಕ್ಕೇ ಅಲ್ಲವೇ ಅಂತೆ ಅನ್ನೋದು?”

ಅದೇ ಅಜ್ಜಿ 1918ರ ಇನ್‌ಫ್ಲುಯೆಂಜಾ ಜ್ವರದ ಮಾತು ಬಂದಾಗ ‘ಅಂತೆ’ ಎನ್ನುತ್ತಿರಲಿಲ್ಲ. “ಬಂತು, ನಮ್ಮ ಬೀದಿಯಲ್ಲಿ ದೀಪ ಹಚ್ಚುವವರಿಲ್ಲದ ಹಾಗೆ ಮಾಡಿಹೋಯಿತು” ಎನ್ನುತ್ತಿದ್ದರು. ಆಗ ಅವರು ಹತ್ತು ಹನ್ನೆರಡು ವರ್ಷದ ಹುಡುಗಿ. ಎಲ್ಲವನ್ನೂ ಕಣ್ಣಾರೆ ಕಂಡವರು. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಇರುವ ಗೆರೆಯನ್ನು ಅಕ್ಷರ ಬಾರದ ಆ ಹೆಂಗಸು ಎರಡೇ ಅಕ್ಷರಗಳಿಂದ ಎಳೆದು ತೋರಿಸುತ್ತಿದ್ದರು. ವ್ಯಾಕರಣವನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ ನನಗೆ ಆ ಗೆರೆಯ ಬೆಲೆ ತಿಳಿದದ್ದು ಬಹಳ ತಡವಾಗಿ. ಅದೂ ಒಬ್ಬ ಚಿಕ್ಕ ಹುಡುಗಿಯಿಂದ. ಅದನ್ನು ಮುಂದೆ ಹೇಳುತ್ತೇನೆ.

ಇಂದು ನಾನು ಮಾತನಾಡಬೇಕೆಂದಿರುವುದು ಎಳೆಯರಿಗಾಗಿ ಬರೆದ ಚರಿತ್ರೆಯ ಮತ್ತು ಜೀವನಚರಿತ್ರೆಯ ಪುಸ್ತಕಗಳನ್ನು ಕುರಿತು. ಕಟ್ಟುಕತೆಗಳಲ್ಲ, ನಡೆದ ಸಂಗತಿಗಳನ್ನು ಹೇಳುವ ಪುಸ್ತಕಗಳು. ಕನ್ನಡದಲ್ಲಿ ಈ ಬಗೆಯ ಸಾಹಿತ್ಯಕ್ಕೆ ದೊಡ್ಡ ಹಿರಿಯರು ದುಡಿದಿದ್ದಾರೆ. ಶಿವರಾಮ ಕಾರಂತರು 1936ರಲ್ಲಿಯೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಮಕ್ಕಳ ಕೈಗಿತ್ತರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಬಂತು. ನಾನು ಹುಡುಗನಾಗಿದ್ದ 1970ರ ದಶಕದಲ್ಲಿ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ ಮಾಲೆಯ ಪುಟ್ಟ ಪುಸ್ತಕಗಳು ಬರತೊಡಗಿದವು. ಒಟ್ಟು 510 ಪುಸ್ತಕಗಳಾದವು. ಅಂಗಿಯ ಜೇಬಿನಲ್ಲಿ ಹಿಡಿಸುವ ಆ ಪುಸ್ತಕಗಳನ್ನು ನಮ್ಮ ತಲೆಮಾರಿನವರು ಕಡಲೆಕಾಯಿ ತಿಂದಂತೆ ಒಂದರ ಹಿಂದೆ ಒಂದು ಓದಿ ಮುಗಿಸಿದೆವು. ಈ ಹಿರಿಯರ ಋಣ ನಮ್ಮ ಮೇಲೆ ದೊಡ್ಡದು.

ಇವುಗಳ ಜೊತೆಗೆ ಊರ ಗ್ರಂಥಾಲಯದಲ್ಲಿ ಇನ್ನೊಂದು ಬಗೆಯ ಪುಸ್ತಕಗಳೂ ಇದ್ದವು. ಅವು ಅಮೆರಿಕದ ಮಹನೀಯರ ಜೀವನಚರಿತ್ರೆಗಳು. ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿ ಅಧ್ಯಕ್ಷನಾದ ಲಿಂಕನ್, ಗುಲಾಮಗಿರಿಯಿಂದ ಮೇಲೆದ್ದ ಬುಕರ್ ವಾಷಿಂಗ್ಟನ್, ಕಣ್ಣು ಕಿವಿ ಎರಡೂ ಇಲ್ಲದೆ ಲೋಕವನ್ನು ಗೆದ್ದ ಹೆಲನ್ ಕೆಲರ್. ಮಿಸೌರಿ ಎಲ್ಲಿದೆ, ಕೆಂಟಕಿ ಎಲ್ಲಿದೆ ಎಂದು ನನಗೆ ತಿಳಿಯದು. ಆದರೆ ಲಿಂಕನ್ ಒಲೆಯ ಬೆಳಕಿನಲ್ಲಿ ಓದಿದ ಚಿತ್ರ ನನ್ನ ಕಣ್ಣಿಗೆ ಕಟ್ಟಿತ್ತು. ನಮ್ಮ ಮನೆಯಲ್ಲೂ ದೀಪಕ್ಕೆ ಸೀಮೆಎಣ್ಣೆ ಸಾಲದ ದಿನಗಳು ಇದ್ದವಲ್ಲ! ಅಲ್ಲಿಯೇ ನಾನು ಜಾರ್ಜ್ ವಾಷಿಂಗ್ಟನ್ ಮತ್ತು ಚೆರ್ರಿ ಮರದ ಕತೆಯನ್ನು ಓದಿದ್ದು. ಬಾಲಕ ಜಾರ್ಜ್ ಹೊಸ ಕೊಡಲಿಯಿಂದ ತಂದೆಯ ಪ್ರೀತಿಯ ಮರವನ್ನು ಕಡಿದ, ತಂದೆ ಕೇಳಿದಾಗ ಸುಳ್ಳು ಹೇಳದೆ ಒಪ್ಪಿಕೊಂಡ, ತಂದೆ ಅಪ್ಪಿಕೊಂಡ. ಇದನ್ನು ಓದಿದ ವಾರದಲ್ಲಿಯೇ ನಾನು ಮನೆಯ ಒಂದು ಗಾಜಿನ ಲೋಟವನ್ನು ಒಡೆದು, ಆ ಕತೆಯ ಧೈರ್ಯದಿಂದ, ತಂದೆಯ ಮುಂದೆ ನಿಂತು ಸತ್ಯವನ್ನೇ ಹೇಳಿದೆ. ನಮ್ಮ ತಂದೆ ಆ ಪುಸ್ತಕವನ್ನು ಓದಿರಲಿಲ್ಲವಾಗಿ ಫಲ ಬೇರೆಯಾಯಿತು. ಆದರೂ ಸತ್ಯ ಹೇಳಿದೆನೆಂಬ ಹೆಮ್ಮೆ ನನಗೆ ಉಳಿಯಿತು.

ಮುಂದೆ ಎಂ.ಎ. ಓದುತ್ತಿದ್ದಾಗ ಜೀವನಚರಿತ್ರೆಯ ಪ್ರಕಾರವನ್ನು ಕುರಿತು ಒಂದು ಪ್ರಬಂಧ ಬರೆಯಬೇಕಾಯಿತು. ಆಗ ತಿಳಿಯಿತು: ಆ ಚೆರ್ರಿ ಮರದ ಪ್ರಸಂಗಕ್ಕೆ ಯಾವ ಆಧಾರವೂ ಇಲ್ಲ. ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ. ಮರುವರ್ಷವೇ ಮೇಸನ್ ಲಾಕ್ ವೀಮ್ಸ್ ಎಂಬ ಪಾದ್ರಿ ಅವನ ಚರಿತ್ರೆಯನ್ನು ಬರೆದು ಪ್ರಕಟಿಸಿದ. ಈ ಪಾದ್ರಿ ಊರೂರು ಸುತ್ತಿ ಪುಸ್ತಕ ಮಾರುತ್ತಿದ್ದವನು. ಜನಕ್ಕೆ ಏನು ಬೇಕೆಂಬುದನ್ನು ಚೆನ್ನಾಗಿ ಅರಿತವನು. ಚೆರ್ರಿ ಮರ ಮೊದಲ ಮುದ್ರಣದಲ್ಲಿ ಇರಲಿಲ್ಲ; 1806ರ ಐದನೆಯ ಮುದ್ರಣದಲ್ಲಿ ಚಿಗುರಿತು! ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸಲು ಲೋಕವೆಲ್ಲ ಬಳಸಿಕೊಂಡ ಕತೆಯೇ ಕಟ್ಟಿದ್ದು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ವೀಮ್ಸ್ ತನ್ನ ಪುಸ್ತಕದಲ್ಲಿ, ಈ ಪ್ರಸಂಗವನ್ನು ತನಗೆ ಒಬ್ಬ ವೃದ್ಧ ಮಹಿಳೆ ಹೇಳಿದಳೆಂದು ಬರೆದಿದ್ದಾನೆ. ಅಂದರೆ ನೆಪಕ್ಕಾದರೂ ಅವನಲ್ಲಿ ಒಂದು ‘ಅಂತೆ’ ಇತ್ತು. ಹುಡುಗ ಮರವನ್ನು ಕಡಿದು ಉರುಳಿಸಿದನೆಂದೂ ಅವನು ಬರೆದಿಲ್ಲ. ಮರದ ತೊಗಟೆಯನ್ನು ಕೆತ್ತಿ ಹಾಳುಮಾಡಿದನೆಂದಷ್ಟೇ ಬರೆದಿದ್ದಾನೆ. ಅವನಿಂದ ಎತ್ತಿಕೊಂಡ ಪಠ್ಯಪುಸ್ತಕಗಳು ಮೊದಲು ಆ ಮುದುಕಿಯನ್ನು ಬಿಟ್ಟವು, ಆಮೇಲೆ ಮರವನ್ನು ಉರುಳಿಸಿದವು. ಕತೆ ಸಮುದ್ರ ದಾಟಿ ಮಧುಗಿರಿಯ ಗ್ರಂಥಾಲಯಕ್ಕೆ ಬರುವ ಹೊತ್ತಿಗೆ ‘ಅಂತೆ’ಯ ಸುಳಿವೇ ಉಳಿದಿರಲಿಲ್ಲ. ಅಂತೆಕಂತೆ ಎಂದು ನಾವು ಹಗುರಾಗಿ ಆಡಿಕೊಳ್ಳುತ್ತೇವೆ. ಆದರೆ ಅಂತೆ ಇರುವ ಮಾತಿಗಿಂತ ಅಂತೆಯನ್ನು ಕಳೆದುಕೊಂಡ ಮಾತು ಹೆಚ್ಚು ಅಪಾಯದ್ದು.

ನಮ್ಮ ನಾಡಿನ ಶಾಲೆಗಳಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆಯೊಂದಿದೆ. ಲಿಂಕನ್ ತನ್ನ ಮಗನ ಉಪಾಧ್ಯಾಯರಿಗೆ ಬರೆದನೆನ್ನುವ ಒಂದು ಪತ್ರವನ್ನು ನೀವೆಲ್ಲರೂ ಓದಿರುತ್ತೀರಿ. ಎಷ್ಟೋ ಶಾಲೆಗಳ ಗೋಡೆಗಳ ಮೇಲೆ ಅದರ ಕನ್ನಡ ರೂಪ ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಲಿಂಕನ್ನನ ಸಮಗ್ರ ಬರಹಗಳ ಸಂಪುಟಗಳಲ್ಲಿ ಅಂಥ ಪತ್ರವಿಲ್ಲ. ಅವನು ಅದನ್ನು ಬರೆದದ್ದಕ್ಕೆ ಸಾಕ್ಷ್ಯವಿಲ್ಲ. ಉಪಾಧ್ಯಾಯರ ದಿನಾಚರಣೆಯಲ್ಲಿ ನಾನೇ ಅದನ್ನು ಗದ್ಗದಿತನಾಗಿ ಎರಡು ಸಲ ಓದಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆಂಬುದನ್ನು ಮರೆಮಾಚುವುದಿಲ್ಲ. ಪತ್ರದ ಉಪದೇಶ ಒಳ್ಳೆಯದೇ. ಆದರೆ ಒಳ್ಳೆಯ ಮಾತಿಗೆ ದೊಡ್ಡವರ ರುಜುವನ್ನು ನಾವೇ ಹಾಕಬಹುದೆ?

“ಮಕ್ಕಳಿಗಲ್ಲವೇ, ನೀತಿ ಮುಖ್ಯ, ನಿಜವೋ ಸುಳ್ಳೋ ಎಂಬುದು ಪಂಡಿತರ ತಲೆನೋವು” ಎಂದು ಸ್ನೇಹಿತರೊಬ್ಬರು ನನ್ನೊಡನೆ ವಾದ ಮಾಡಿದರು. ನೀತಿಗಾಗಿ ಪಂಚತಂತ್ರವಿದೆ, ನರಿ ಮಾತನಾಡಿತೆಂದರೆ ಮಗುವಿಗೂ ಗೊತ್ತು, ಅದು ಕತೆಯ ನರಿ. ಆದರೆ ಚರಿತ್ರೆಯ ಪುಸ್ತಕ ಮಗುವಿನೊಡನೆ ಮಾಡಿಕೊಳ್ಳುವ ಕರಾರೇ ಬೇರೆ. ‘ಇದು ನಡೆಯಿತು’ ಎಂದು ಅದು ಮಾತು ಕೊಡುತ್ತದೆ. ಆ ಮಾತು ತಪ್ಪಿದ ದಿನ ಮಗು ಒಂದು ಕತೆಯನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಅಚ್ಚಾದ ಪುಟದ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತದೆ. ಆಮೇಲೆ ಅದಕ್ಕೆ ಎಲ್ಲವೂ ಒಂದೇ: ಶಾಸನವೂ ಒಂದೇ, ಸಂತೆಯ ಮಾತೂ ಒಂದೇ. ಇಂದು ಕೈಯಲ್ಲಿ ಹಿಡಿದ ಯಂತ್ರದೊಳಗೆ ಗಳಿಗೆಗೊಂದು ‘ಚರಿತ್ರೆ’ ಬಂದು ಬೀಳುತ್ತಿರುವಾಗ ಈ ನಷ್ಟವನ್ನು ಸಣ್ಣದೆನ್ನಲಾಗದು.

ಸತ್ಯ ಸಪ್ಪೆಯಾಗಿರುತ್ತದೆಂಬ ಭಯವೂ ನಿರಾಧಾರವಾದದ್ದು. ಅಮೆರಿಕದಲ್ಲಿಯೇ ಮಕ್ಕಳ ಚರಿತ್ರೆ ಪುಸ್ತಕಗಳು ವೀಮ್ಸನ ದಾರಿಯನ್ನು ಬಿಟ್ಟು ಬಹಳ ದೂರ ಬಂದಿವೆ. ರಸೆಲ್ ಫ್ರೀಡ್‌ಮನ್ ಎಂಬವರು ಎಳೆಯರಿಗಾಗಿ, ಅಂದಿನ ಛಾಯಾಚಿತ್ರಗಳನ್ನು ಬಳಸಿಕೊಂಡು, ಬರೆದ ಲಿಂಕನ್ ಚರಿತ್ರೆಗೆ 1988ರಲ್ಲಿ ಅಲ್ಲಿನ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಬಂತು. 1865ರ ಏಪ್ರಿಲಿನಲ್ಲಿ ಲಿಂಕನ್ ಕೊಲೆಯಾದಾಗ ಅವನ ಜೇಬುಗಳಲ್ಲಿ ಏನೇನು ಇತ್ತೆಂಬುದನ್ನು ಅವರು ಆ ಪುಸ್ತಕದಲ್ಲಿ ಹೇಳುತ್ತಾರೆ. ಆ ವಸ್ತುಗಳು ಇಂದಿಗೂ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿವೆ: ಎರಡು ಜೊತೆ ಕನ್ನಡಕ, ಅದರಲ್ಲೊಂದರ ಕಡ್ಡಿಯನ್ನು ದಾರದಿಂದ ಕಟ್ಟಿದೆ, ಒಂದು ಚಾಕು, ಒಂದು ಕರವಸ್ತ್ರ, ತನ್ನನ್ನು ಹೊಗಳಿದ ಪತ್ರಿಕೆಗಳ ಕೆಲವು ತುಣುಕುಗಳು, ಶತ್ರುಪಕ್ಷದ ಸರ್ಕಾರದ ಐದು ಡಾಲರಿನ ಒಂದು ನೋಟು. ದೇಶದ ಅಧ್ಯಕ್ಷನ ಕನ್ನಡಕಕ್ಕೆ ದಾರ! ಎಲ್ಲರ ನಿಂದೆಯನ್ನೂ ನುಂಗಿದವನು ನಾಲ್ಕು ಒಳ್ಳೆಯ ಮಾತುಗಳನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡಿದ್ದ! ಇಲ್ಲದ ಪತ್ರಕ್ಕಿಂತ ಈ ದಾರದ ತುಂಡು ಲಿಂಕನ್ನನನ್ನು ಮಗುವಿಗೆ ಹತ್ತಿರ ತರುವುದಿಲ್ಲವೇ?

ಅಪ್ರಿಯವಾದ ಸತ್ಯಗಳನ್ನೂ ಅವರು ಈಗ ಮಕ್ಕಳಿಂದ ಮುಚ್ಚಿಡುತ್ತಿಲ್ಲ. ವಾಷಿಂಗ್ಟನ್ ತೀರಿಕೊಂಡ ವರ್ಷ ಅವನ ಎಸ್ಟೇಟಿನಲ್ಲಿ 317 ಮಂದಿ ಗುಲಾಮರಿದ್ದರು. ಅವನ ಮನೆಯಿಂದ 1796ರಲ್ಲಿ ತಪ್ಪಿಸಿಕೊಂಡು ಹೋಗಿ ಕೊನೆಯವರೆಗೂ ಸಿಕ್ಕದ ಓನಾ ಜಡ್ಜ್ ಎಂಬ ತರುಣಿಯ ಕತೆಯನ್ನು ಎರಿಕಾ ಆರ್ಮ್‌ಸ್ಟ್ರಾಂಗ್ ಡನ್‌ಬಾರ್ ಎಂಬ ಇತಿಹಾಸಕಾರ್ತಿ ಬರೆದಿದ್ದಾರೆ; 2019ರಲ್ಲಿ ಅದರ ಎಳೆಯರ ಆವೃತ್ತಿಯೂ ಬಂತು. ಇದರಿಂದ ವಾಷಿಂಗ್ಟನ್ ನೆಲಸಮನಾಗಲಿಲ್ಲ. ತನ್ನ ಸ್ವಂತ ಗುಲಾಮರಿಗೆ ಮರಣಶಾಸನದಲ್ಲಿ ಬಿಡುಗಡೆ ಬರೆದವನೂ ಅವನೇ. ದೇವರಾಗಿದ್ದವನು ಮನುಷ್ಯನಾದ, ಅಷ್ಟೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಿವೃತ್ತನಾದ ಮೇಲೆ ನಾನು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಿಗೆ ಆಗಾಗ ಹೋಗಿ ಮಕ್ಕಳಿಗೆ ಪುಸ್ತಕ ಓದಿಹೇಳುವ ಅಭ್ಯಾಸವನ್ನಿಟ್ಟುಕೊಂಡೆ. ಅಲ್ಲಿ ಕಂಡದ್ದೇನೆಂದರೆ, ಮಕ್ಕಳ ಕಪಾಟುಗಳಲ್ಲಿ ಲಿಂಕನ್ ಇದ್ದಾನೆ, ಎಡಿಸನ್ ಇದ್ದಾನೆ. ಅವರ ಕಣ್ಣೆದುರಿನ ಬೆಟ್ಟದ ಕೋಟೆಯನ್ನು ಕುರಿತು ಅವರ ವಯಸ್ಸಿಗೆ ತಕ್ಕ ಪುಸ್ತಕವಿಲ್ಲ. ಆ ಕೊರತೆಯನ್ನು ತುಂಬುವ ಉತ್ಸಾಹದಿಂದ ನಾನೇ ಒಂದು ಕಿರುಹೊತ್ತಗೆಯನ್ನು ಬರೆದು, ಅಚ್ಚು ಹಾಕಿಸಿ, ಶಾಲೆಗಳಿಗೆ ಹಂಚಿದೆ. ಅದರ ಮೊದಲ ಪ್ರಕರಣ ಮಧುಗಿರಿ ಕೋಟೆಯ ಹುಟ್ಟು. ಹಿಂದೆ ಮದ್ದಗಿರಿಯೆನಿಸಿದ್ದ ಈ ಊರಿನ ಪಾಳೆಯಗಾರ ರಾಜಾ ಹಿರೇಗೌಡ. ಒಂದು ಕುರಿ ಹಿಂಡಿನಿಂದ ತಪ್ಪಿಸಿಕೊಂಡು ಬೆಟ್ಟ ಹತ್ತಿತು. ಮೈಯೆಲ್ಲ ಒದ್ದೆಯಾಗಿ, ನೀರು ತೊಟ್ಟಿಕ್ಕುತ್ತ ಮರಳಿ ಬಂತು. ಮೇಲೆ ಊಟೆಗಳಿವೆಯೆಂದು ತಿಳಿದು ಅಲ್ಲಿ ಕೋಟೆ ಕಟ್ಟಲಾಯಿತು. ನಮ್ಮ ಹಿರಿಯರ ಬಾಯಲ್ಲೂ ಹಳೆಯ ಗೆಜೆಟಿಯರಿನಲ್ಲೂ ಇರುವ ಐತಿಹ್ಯ ಇದು. ‘ಬಂತು’, ‘ತಿಳಿಯಿತು’, ‘ಕಟ್ಟಿದರು’ ಎಂದು ನಾನು ಗಟ್ಟಿಯಾಗಿ ಬರೆದುಬಿಟ್ಟೆ.

ಕೊರಟಗೆರೆ ತಾಲ್ಲೂಕಿನ ಒಂದು ಶಾಲೆಯಲ್ಲಿ ಇದನ್ನು ಓದಿಹೇಳುತ್ತಿದ್ದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತಳು. “ಸಾರ್, ಕುರಿ ತಾನಾಗಿ ನೀರಿಗೆ ಇಳಿಯೋದಿಲ್ಲ ಸಾರ್. ದಡದಲ್ಲೇ ನಿಂತು ಕುಡಿದು ಬರುತ್ತೆ. ಮೈ ತೊಳೆಯಬೇಕು ಅಂದರೆ ನಾವೇ ಹಿಡಿದು ಇಳಿಸಬೇಕು.” ಅವಳ ಮನೆಯವರು ಕುರಿ ಸಾಕುವವರು. ನಾನು ತಡವರಿಸಿದೆ. ಅವಳು ಮತ್ತೆ ಕೇಳಿದಳು: “ಆ ಒದ್ದೆ ಕುರೀನ ಯಾರು ನೋಡಿದರು ಸಾರ್?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಐವತ್ತು ವರ್ಷಗಳ ಹಿಂದೆ ಜಗಲಿಯ ಮೇಲೆ ನಾನೇ ಕೇಳಿದ ಪ್ರಶ್ನೆ ಅದು. ನಮ್ಮ ಅಜ್ಜಿಯ ಬಳಿ ಉತ್ತರವಿತ್ತು, ಎಂ.ಎ. ಓದಿದ ಮೊಮ್ಮಗನ ಬಳಿ ಇರಲಿಲ್ಲ. ವೀಮ್ಸನನ್ನು ನೋಡಿ ನಕ್ಕಿದ್ದ ನಾನು ಅವನಿಗಿಂತಲೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಅವನಾದರೂ ಒಬ್ಬ ಮುದುಕಿಯ ಮಾತೆಂದು ಹೇಳಿಕೊಂಡಿದ್ದ. ನಾನು ನಮ್ಮ ಮುದುಕಿಯ ‘ಅಂತೆ’ಯನ್ನು ಕಿತ್ತುಹಾಕಿದ್ದೆ. ಆ ಹುಡುಗಿ ಕೇಳದೆ ಹೋಗಿದ್ದರೆ ಒಂದು ತಲೆಮಾರಿನ ಮಕ್ಕಳು ನನ್ನ ಮಾತನ್ನು ಆಧಾರವಾಗಿಟ್ಟುಕೊಂಡು ಬೆಳೆಯುತ್ತಿದ್ದರು.

ಹಾಗಾದರೆ ಕುರಿಯನ್ನು ಪುಸ್ತಕದಿಂದ ಓಡಿಸಬೇಕೆ? ಬೇಡ. ಐತಿಹ್ಯವೂ ಒಂದು ಆಸ್ತಿಯೇ. ಒಂದು ಜನ ತಮ್ಮ ಊರನ್ನು ಹೇಗೆ ನೆನೆದರೆಂಬುದನ್ನು ಅದು ಹೇಳುತ್ತದೆ. ಬರಗಾಲದ ಸೀಮೆಯಲ್ಲಿ ಕೋಟೆಯ ಕತೆ ನೀರಿನಿಂದ ಮೊದಲಾಗುವುದು ಅರ್ಥವಿಲ್ಲದ್ದಲ್ಲ. ಸಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆಯಿದೆ. ಕಾಡುಗೊಲ್ಲರು ಗಣೆಯೆಂಬ ಉದ್ದನೆಯ ಕೊಳಲನ್ನು ನುಡಿಸುತ್ತ ಹಾಡುವ ಜುಂಜಪ್ಪನ ಕಾವ್ಯಕ್ಕೆ ಇಸವಿಯನ್ನು ಕೇಳುವುದು ಮೂರ್ಖತನ. ಕಾವ್ಯವನ್ನು ಕಾವ್ಯವೆಂದು, ಐತಿಹ್ಯವನ್ನು ಐತಿಹ್ಯವೆಂದು, ನಡೆದದ್ದನ್ನು ನಡೆದದ್ದೆಂದು ಹೇಳುವುದಷ್ಟೇ ನಮ್ಮ ಕರ್ತವ್ಯ. ಅದಕ್ಕೆ ಬೇಕಾದ ಸಾಧನವನ್ನು ನಮ್ಮ ಭಾಷೆಯೇ ನಮಗೆ ಕೊಟ್ಟಿದೆ. ಪಾವಗಡದ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅಲ್ಲಿನ ಅಜ್ಜಿಯರೂ ‘ಒಕ ರಾಜು ಉಂಡೇವಾಡಟ’ ಎಂದೇ ಕತೆಯನ್ನು ತೊಡಗುತ್ತಾರೆ. ನಮ್ಮ ‘ಅಂತೆ’ ಅಲ್ಲಿ ‘ಅಟ’. ಭಾಷೆ ಬೇರೆಯಾದರೂ ಅಜ್ಜಿಯರ ಪ್ರಾಮಾಣಿಕತೆ ಒಂದೇ.

ಇನ್ನು, ನಡೆದ ಸಂಗತಿಗಳಿಗೇನು ನಮ್ಮಲ್ಲಿ ಬಡತನವೆ? ಇದೇ ಮಧುಗಿರಿಯ ಕೋಟೆಯನ್ನು ನೋಡಿ. 1678ರಲ್ಲಿ ಮೈಸೂರಿನವರು ಇದನ್ನು ಹಿರೇಗೌಡನ ವಂಶದಿಂದ ಕಿತ್ತುಕೊಂಡರು. ಹೈದರಾಲಿ ಇದನ್ನು ಬಲಪಡಿಸಿದ. 1763ರಲ್ಲಿ ಅವನು ಬಿದನೂರನ್ನು ಗೆದ್ದಾಗ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ಸೆರೆಯಿಟ್ಟದ್ದು ಈ ಬೆಟ್ಟದ ಮೇಲೆಯೇ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಕೋಟೆಯನ್ನು ಹಿಡಿದು ಅವರನ್ನು ಬಿಡಿಸಿತು. ರಾಣಿ ಪುಣೆಯ ಹಾದಿಯಲ್ಲಿಯೇ ತೀರಿಕೊಂಡಳೆನ್ನುತ್ತಾರೆ. ಮಲೆನಾಡಿನ ಮಳೆಯಲ್ಲಿ ಬೆಳೆದ ರಾಣಿ ನಾಲ್ಕು ವರ್ಷ ಈ ಬೋಳು ಬಂಡೆಯ ಮೇಲೆ ಮುಗಿಲನ್ನು ನೋಡುತ್ತ ಕುಳಿತಿದ್ದಳೆಂದರೆ, ಅದನ್ನು ಓದುವ ಮಗುವಿಗೆ ಬೇರೆ ಬಣ್ಣ ಬೇಕೆ?

ಸಿರಾ ಇನ್ನೂ ದೊಡ್ಡ ಗಣಿ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಇದನ್ನು ಗೆದ್ದ. ಬಿಜಾಪುರ ಬಿದ್ದಮೇಲೆ ಮೊಗಲರ ಸುಬೆಗೆ ಇದೇ ರಾಜಧಾನಿ. ಇಲ್ಲಿ ಸುಬೇದಾರನಾಗಿದ್ದ ಖಾಸಿಂ ಖಾನನೇ ಬೆಂಗಳೂರನ್ನು ಹಿಡಿದು, ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟವನು. 1651ರ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ಇಂದಿಗೂ ನಿಂತಿವೆ. ಇಲ್ಲಿನ ಖಾನ್‌ಬಾಗ್ ತೋಟವನ್ನು ನೋಡಿಯೇ ಬೆಂಗಳೂರಿನ ಲಾಲ್‌ಬಾಗಿನ ಕಲ್ಪನೆ ಹುಟ್ಟಿತೆಂದು ಹೇಳುತ್ತಾರೆ. ಇದು ‘ಹೇಳುತ್ತಾರೆ’, ನೆನಪಿರಲಿ. ಟಿಪ್ಪುವಿನ ಕಾಲದಲ್ಲಿ ಇಲ್ಲಿಂದ 12,000 ಸಂಸಾರಗಳನ್ನು ಬಲವಂತವಾಗಿ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಒಯ್ದರೆಂದು ಗೆಜೆಟಿಯರ್ ಹೇಳುತ್ತದೆ. ಅಮೆರಿಕದವರು ತಮ್ಮ ವಾಷಿಂಗ್ಟನ್ನನ ಗುಲಾಮರ ಲೆಕ್ಕವನ್ನು ಮಕ್ಕಳ ಮುಂದಿಡುವುದಾದರೆ, ನಮ್ಮ ದೊರೆಗಳ ಜಮಾಖರ್ಚನ್ನು ನಾವೂ ಇಡಬಹುದು. ಹೊಗಳಲಿಕ್ಕೂ ಅಲ್ಲ, ಹಳಿಯಲಿಕ್ಕೂ ಅಲ್ಲ, ತಿಳಿಯಲಿಕ್ಕೆ.

ಇದೇ ಸಿರಾದಿಂದ ಅಮೆರಿಕದ ಚರಿತ್ರೆಗೆ ಒಂದು ದಾರಿಯಿದೆಯೆಂದರೆ ನಿಮಗೆ ಆಶ್ಚರ್ಯವಾದೀತು. 1761ರಲ್ಲಿ ನಿಜಾಮನ ಸೋದರ ಬಸಾಲತ್ ಜಂಗ್ ಹೈದರಾಲಿಗೆ ‘ಸಿರಾದ ನವಾಬ’ ಎಂಬ ಪದವಿಯನ್ನು ಕೊಟ್ಟ. ಸಾಮಾನ್ಯ ಸಿಪಾಯಿಯಾಗಿ ಮೇಲೆದ್ದವನು ನವಾಬನೆನಿಸಿಕೊಂಡದ್ದು ನಮ್ಮ ಸಿರಾದ ಹೆಸರಿನಲ್ಲಿ. ಮುಂದೆ ಅವನು ಇಂಗ್ಲಿಷರೊಡನೆ ಕಾದಾಡುತ್ತಿದ್ದಾಗಲೇ ಸಮುದ್ರದ ಆಚೆ ಅಮೆರಿಕದ ವಸಾಹತುಗಳೂ ಅದೇ ಇಂಗ್ಲಿಷರೊಡನೆ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದವು. ಶತ್ರುವಿನ ಶತ್ರು ಮಿತ್ರನಲ್ಲವೇ? ಪೆನ್ಸಿಲ್ವೇನಿಯದವರು ಒಂದು ಯುದ್ಧದ ಹಡಗಿಗೆ ‘ಹೈದರ್ ಅಲಿ’ ಎಂದು ಹೆಸರಿಟ್ಟರು. 1782ರ ಏಪ್ರಿಲ್ 8ರಂದು ಜೋಷುವಾ ಬಾರ್ನಿ ಎಂಬ ತರುಣ ಕಪ್ತಾನನ ಕೈಕೆಳಗೆ ಆ ಹಡಗು ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೋಲಿಸಿ ಸೆರೆಹಿಡಿಯಿತು. ಅಮೆರಿಕದ ಕವಿ ಫಿಲಿಪ್ ಫ್ರೆನೋ ಆ ವಿಜಯವನ್ನು ಕುರಿತು ಪದ್ಯ ಬರೆದ. ಅದೇ ವರ್ಷ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡ. ಸಿರಾದ ಶಾಲೆಯೊಂದರಲ್ಲಿ ನಾನು ಇದನ್ನು ಹೇಳಿದಾಗ ಒಬ್ಬ ಹುಡುಗ ಗೋಡೆಯ ಮೇಲಿನ ಭೂಪಟದ ಬಳಿಗೆ ಓಡಿಹೋಗಿ ಡೆಲವೇರನ್ನು ಹುಡುಕತೊಡಗಿದ. ಇದರಲ್ಲಿ ಒಂದು ‘ಅಂತೆ’ಯೂ ಇಲ್ಲ, ಆದರೂ ಯಾವ ಕಟ್ಟುಕತೆಗೂ ಇದು ಕಡಿಮೆಯಲ್ಲ.

ಪಾವಗಡದಲ್ಲಿ ನಾನು ಓದಿದ್ದು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂಬ ಕರಿಯ ವಿಜ್ಞಾನಿಯ ಕತೆಯನ್ನು. ಕಾರಣ, ಅದು ಕಡಲೆಕಾಯಿಯ ಸೀಮೆ. ಕಾರ್ವರ್ 1864ರ ಸುಮಾರಿನಲ್ಲಿ ಗುಲಾಮ ತಾಯಿಯ ಮಗನಾಗಿ ಹುಟ್ಟಿದವನು. 1896ರಲ್ಲಿ ಬುಕರ್ ವಾಷಿಂಗ್ಟನ್ನನ ಕರೆಗೆ ಓಗೊಟ್ಟು ಟಸ್ಕೀಗಿ ವಿದ್ಯಾಸಂಸ್ಥೆಗೆ ಬಂದ. ಹತ್ತಿಯನ್ನೇ ಬೆಳೆದು ಸತ್ತ್ವಗುಂದಿದ್ದ ನೆಲಕ್ಕೆ ಕಡಲೆಕಾಯಿ, ಅಲಸಂದೆಗಳಂಥ ದ್ವಿದಳ ಬೆಳೆಗಳು ಚೈತನ್ಯ ಕೊಡುತ್ತವೆಂದು ಬಡ ರೈತರಿಗೆ ಕಲಿಸಿದ. ಕುದುರೆಗಾಡಿಯ ಮೇಲೆ ಸಲಕರಣೆಗಳನ್ನು ಹೇರಿಕೊಂಡು ಹಳ್ಳಿಗಳಿಗೇ ಶಾಲೆ ಹೋಗುವ ಏರ್ಪಾಡು 1906ರಲ್ಲಿ ಅಲ್ಲಿ ಶುರುವಾಯಿತು. ಕಡಲೆಕಾಯಿಯನ್ನು 105 ಬಗೆಯಲ್ಲಿ ಅಡಿಗೆಗೆ ಬಳಸುವುದನ್ನು ಕುರಿತು 1916ರಲ್ಲಿ ಅವನು ಒಂದು ಕಿರುಹೊತ್ತಗೆ ಬರೆದ. ಇಷ್ಟು ನಿಜ. ಆದರೆ ಎಷ್ಟೋ ಮಕ್ಕಳ ಪುಸ್ತಕಗಳು ಅವನೇ ಕಡಲೆಕಾಯಿಯ ಬೆಣ್ಣೆಯನ್ನು ಕಂಡುಹಿಡಿದನೆಂದು ಸೇರಿಸುತ್ತವೆ. ಅದು ನಿಜವಲ್ಲ, ಕೆನಡಾದ ಎಡ್ಸನ್ ಎಂಬವನು 1884ರಲ್ಲಿಯೇ ಕಡಲೆಕಾಯಿಯ ನುಣ್ಣನೆಯ ಮುದ್ದೆಗೆ ಪೇಟೆಂಟ್ ಪಡೆದಿದ್ದ. ಕಾರ್ವರನ ಹಿರಿಮೆಗೆ ಆ ಬೆಣ್ಣೆಯ ಲೇಪ ಬೇಕಾಗಿಲ್ಲ. 

ಪಾವಗಡದ ಮಕ್ಕಳು ಅವನನ್ನು ಕೂಡಲೇ ಬಲ್ಲವರಾದರು. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬಳ್ಳಿಯನ್ನು ಕಿತ್ತು ನೋಡಿದರೆ ಬರಿಯ ಬೇರು ಬರುವುದನ್ನು ಅವರು ಕಂಡವರು. ಇಂದು ಅದೇ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಸೌರಫಲಕಗಳು ಹಬ್ಬಿವೆ. 2,050 ಮೆಗಾವಾಟ್ ವಿದ್ಯುತ್ತಿನ ಸಾಮರ್ಥ್ಯ. ರೈತರು ನೆಲವನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಕಡಲೆಕಾಯಿಯ ಹೊಲ ಬಿಸಿಲಿನ ಹೊಲವಾದದ್ದು ಹೇಗೆ, ಅದರಿಂದ ಯಾರಿಗೆ ಏನು ಸಿಕ್ಕಿತು, ಹೊಲವಿಲ್ಲದ ಕೂಲಿಯವನಿಗೆ ಏನಾಯಿತು ಎಂಬುದನ್ನು ಮಕ್ಕಳಿಗಾಗಿ ಯಾರಾದರೂ ಬರೆಯಬೇಡವೆ? ಇದು ಮುಂದೆ ಚರಿತ್ರೆಯಾಗತಕ್ಕದ್ದು. ಕಂಡವರು ಬದುಕಿರುವಾಗಲೇ ಬರೆದರೆ ‘ಅಂತೆ’ಯ ಅಗತ್ಯವೇ ಬೀಳದು.

ಬರೆಯುವವರಿಗೆ ಸಾಮಗ್ರಿಯ ಕೊರತೆಯೂ ಇಲ್ಲ. ತುಮಕೂರು ಜಿಲ್ಲೆಯ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲಿಯೇ ಅಚ್ಚಾಗಿವೆ. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಬುಕಾನನ್ ಮಧುಗಿರಿ, ಸಿರಾಗಳ ಬೆಳೆ, ವ್ಯಾಪಾರಗಳನ್ನು ಕಂಡು ಬರೆದಿಟ್ಟಿದ್ದಾನೆ. ರೈಸರ ಗೆಜೆಟಿಯರಿದೆ. ಈ ದಪ್ಪ ಸಂಪುಟಗಳಿಂದ ಒಂದು ಮಗುವಿನ ಅಂಗೈಗೆ ಹಿಡಿಸುವ ಪುಸ್ತಕಕ್ಕೆ ದಾರಿ ಮಾಡಬೇಕಾದವರು ನಾವು: ಊರೂರಿನ ಉಪಾಧ್ಯಾಯರು, ನಿವೃತ್ತರು, ಓದುಬರಹ ಬಲ್ಲವರು. ಬರೆಯುವಾಗ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು: ಇದನ್ನು ಯಾರು ಕಂಡರು? ಉತ್ತರವಿದ್ದರೆ ಹೆಸರು ಹೇಳೋಣ. ಇಲ್ಲದಿದ್ದರೆ ಎರಡಕ್ಷರವನ್ನು ಸೇರಿಸೋಣ.

ನನ್ನ ಹೊತ್ತಗೆಯ ಕೆಲವು ಪ್ರತಿಗಳು ಮನೆಯಲ್ಲಿ ಉಳಿದಿದ್ದವು. ಅವುಗಳ ಮೊದಲ ಪ್ರಕರಣವನ್ನು ಮಸಿಯಿಂದ ತಿದ್ದಿದೆ. ‘ಕುರಿ ಬಂತು’ ಎಂಬುದನ್ನು ‘ಬಂತಂತೆ’ ಮಾಡಿದೆ. ಪುಟದ ಕೆಳಗೆ ಒಂದು ಸಾಲು ಬರೆದೆ: ಕುರಿ ತಾನಾಗಿ ನೀರಿಗಿಳಿಯುವುದಿಲ್ಲವೆಂದು ಕುರಿ ಬಲ್ಲವರು ಹೇಳುತ್ತಾರೆ, ನಿನಗೇನು ಅನ್ನಿಸುತ್ತದೆ? ಹಂಚಿಹೋದ ಪ್ರತಿಗಳನ್ನು ಹಿಂದಕ್ಕೆ ತರಲಾರೆ. ಯಾವುದಾದರೂ ಶಾಲೆಯ ಕಪಾಟಿನಲ್ಲಿ ಆ ಹೊತ್ತಗೆ ನಿಮಗೆ ಸಿಕ್ಕಿದರೆ, ದಯವಿಟ್ಟು ನೀವೇ ಪೆನ್ನಿನಿಂದ ಆ ಎರಡಕ್ಷರವನ್ನು ಸೇರಿಸಿ.

ತಿದ್ದಿದ ಪ್ರತಿಗಳಲ್ಲಿ ಮೊದಲನೆಯದನ್ನು ಕೊರಟಗೆರೆಯ ಆ ಹುಡುಗಿಗೆ ಕೊಟ್ಟುಬಂದೆ. ಅವಳು ನಿಂತಲ್ಲಿಯೇ ಪುಟ ತಿರುವಿ, ಮಸಿಯ ಅಕ್ಷರಗಳ ಮೇಲೆ ಬೆರಳಿಟ್ಟು ಓದಿ, “ಈಗ ಸರಿಯಾಯಿತು ಸಾರ್” ಎಂದಳು.